ಅರ್ಧ ಗಾದೆ

ಅಪ್ಪನಿಗೆ ಮಾತು ತೊದಲು.
ಬರೀ ತೊದಲಲ್ಲ, ಗಂಟಲಿನ ಬಾಗಿಲಿಗೆ
ಅಗುಳಿ ಬಿದ್ದ ಹಾಗೆ ನಿಂತೇಬಿಡುತ್ತಿತ್ತು.
ಹಣೆಯ ನರ ಉಬ್ಬುತ್ತಿತ್ತು, ಬೆರಳು
ಸೈಕಲ್ಲಿನ ಕಡ್ಡಿಗಳನ್ನು ಒಂದೊಂದಾಗಿ ಮೀಟುತ್ತಿತ್ತು.
ಅಷ್ಟರಲ್ಲಿ ಗಿರಾಕಿ ತಾನೇ ಬೆಲೆ ಹೇಳಿ
ಕೊಟ್ಟಷ್ಟು ಕೊಟ್ಟು ಹೋಗಿರುತ್ತಿದ್ದ.

ಅಗುಲೇರಿಯ ಎಕೆ ಸಂತೆ. ಉದಾಲಾ ಮರದಡಿ
ಪಂಕ್ಚರಿನ ಅಂಟು, ನೀರಿನ ಬೋಗುಣಿ, ಒಂದು ಪಂಪು.
ಇಫೆಜಿಕಾ ಅಂತ ಹೆಸರು.
ಪೋರರು ಅದನ್ನು ಮೂರು ಕಡೆ ಮುರಿದು ಕರೆದು
ಓಡಿಹೋಗುತ್ತಿದ್ದರು.

ಆದರೆ ನಮ್ಮವರಲ್ಲೊಂದು ರೂಢಿ:
ಗಾದೆಯನ್ನು ಒಬ್ಬನೇ ಪೂರ್ತಿ ಹೇಳಬೇಕಿಲ್ಲ.
ಅರ್ಧ ನೀನು ಎತ್ತಿಕೊಡು,
ಉಳಿದರ್ಧ ಎದುರಿದ್ದವರು ತೆಗೆದುಕೊಳ್ಳುತ್ತಾರೆ,
ಬಾಗಿಲಿಗೆ ಬಂದವರ ತಲೆಹೊರೆ
ಇಳಿಸಿಕೊಂಡ ಹಾಗೆ.

ಅಪ್ಪನಿಗೆ ಅದಕ್ಕಿಂತ ದೊಡ್ಡ ನೆರಳು ಇರಲಿಲ್ಲ.
ಕೋಲಾ ಕಾಯಿ ಮುರಿಯುವ ಹಿರಿಯರ ನಡುವೆ ಕೂತು
"ಗಿಡುಗನೂ ಕೂರಲಿ..." ಎಂದರೆ ಸಾಕು,
"ಹದ್ದೂ ಕೂರಲಿ! ಬೇಡವೆಂದವನ ರೆಕ್ಕೆ ಮುರಿಯಲಿ!"
ಹನ್ನೆರಡು ಗಂಟಲು ಒಟ್ಟಿಗೆ ಮುಗಿಸುತ್ತಿದ್ದವು.
ಅವನು ನಿಂತದ್ದೋ, ನಿಲ್ಲಿಸಿದ್ದೋ
ಯಾರಿಗೂ ತಿಳಿಯುತ್ತಿರಲಿಲ್ಲ.
ನನಗೆ ತಿಳಿಯುತ್ತಿತ್ತು.

ನನಗಾಗ ಏಳು. ಟ್ಯೂಬನ್ನು ನೀರಿನಲ್ಲಿ ಅದ್ದಿ
ಗುಳ್ಳೆ ಏಳುವ ಜಾಗ ತೋರಿಸುವುದು ನನ್ನ ಕೆಲಸ.
ಉಳಿದರ್ಧಗಳನ್ನು ಅಲ್ಲೇ ಕಲಿತೆ, ಮಗ್ಗಿಗಿಂತ ಮೊದಲು.
"ಓತಿಯ ಜೊತೆ ಮಳೆಗಿಳಿದ ಇಲಿ..."
ಓತಿಯ ಮೈ ಒಣಗೀತು, ಇಲಿಯ ತುಪ್ಪಳ ಒಣಗದು, ಎನ್ನುವಷ್ಟರಲ್ಲಿ
ಎದೆ ಧಸಕ್ಕೆನ್ನುತ್ತಿತ್ತು:
ಲಾರಿ ಮಾಲೀಕನ ಮಕ್ಕಳ ಬೆನ್ನು ಹತ್ತಿ
ಹೊಳೆಗೆ ಹೋದದ್ದು ಇವನಿಗೆ ಗೊತ್ತಾಗಿದೆ.
ಬೈಗುಳದ ಅರ್ಧ ನನ್ನ ಬಾಯಿಂದಲೇ
ಬೈಸುತ್ತಿದ್ದ, ಕಿಲಾಡಿ.

ಅರ್ಥ ಕೇಳಿದರೆ ಮಾತ್ರ ಹೇಳುತ್ತಿರಲಿಲ್ಲ.
"ಗಾದೆ ಹೇಳಿ, ಬಿಡಿಸಿಯೂ ಹೇಳಬೇಕಾದರೆ..."
ಅವಳ ತಾಯಿಗೆ ಕೊಟ್ಟ ತೆರ ದಂಡ!
ಒಲೆಯ ಮುಂದಿನಿಂದ ಅಮ್ಮ ಕೂಗುತ್ತಿದ್ದಳು:
"ಕೊಟ್ಟಿದ್ದರೆ ತಾನೆ ದಂಡ!
ಇನ್ನೂ ಎರಡು ಆಡು ಬಾಕಿಯಿದೆ, ನೆನಪಿರಲಿ."

ಅಮ್ಮ ಹೋದದ್ದು ಹರ್ಮಟಾನ್ ಗಾಳಿಯ ತಿಂಗಳಲ್ಲಿ.
ತುಟಿ ಒಡೆದಿತ್ತು, ಎಲ್ಲರ ತುಟಿಯೂ.
ಬಂದವರು ಹೋದ ಮೇಲೆ
ಸಿಮೆಂಟಿನ ನೆಲದ ಮೇಲೆ ಅಪ್ಪ ಬೋರಲು ಬಿದ್ದು
"ಓತಿಗಳೆಲ್ಲ ಹೊಟ್ಟೆ ನೆಲಕ್ಕೊತ್ತಿ..." ಅಂದ.
ಉಳಿದರ್ಧ ನನಗೆ ಬರುತ್ತಿತ್ತು:
ನೋವು ಯಾವುದರ ಹೊಟ್ಟೆಯಲ್ಲೋ ಬಲ್ಲವರಾರು.
ಹೇಳಲಿಲ್ಲ.
ಅವನ ಪಕ್ಕ ನಾನೂ ಬೋರಲು ಮಲಗಿದೆ.

ನನ್ನ ಮದುವೆಯಲ್ಲಿ, ಹೆಂಡದ ಬಟ್ಟಲು ನನ್ನ ಕೈಗಿಡುವ ಮುನ್ನ
ಅಪ್ಪ ಎರಡು ಮಾತು ಆಡಬೇಕು.
ಇಡೀ ಚಪ್ಪರ ಅರ್ಧ ಗಾದೆಗೆ ಕಾದಿತ್ತು,
ಮುಗಿಸಲು ತುದಿನಾಲಗೆಯಲ್ಲಿ ಸಿದ್ಧ.
ಅವನು ಗಾದೆ ಎತ್ತಲಿಲ್ಲ.
ನನ್ನ ಹೆಸರು ಎತ್ತಿದ.
ಅಕುನ್ನಾಯಾ. ಅಪ್ಪನ ಸಿರಿ ಅಂತ ಅರ್ಥ.
ಅ, ಎಂದ. ಅ.
ಯಾರೋ ಮುಗಿಸಲು ಬಾಯಿ ತೆರೆದರು,
ಸೋದರಮಾವ ಅವರ ಮೊಣಕಾಲು ಒತ್ತಿದ.
ಬಟ್ಟಲಿನ ನೊರೆ ಪೂರಾ ಇಳಿಯಿತು.
ಒಂದು ನೊಣ ಬಂದು ಅಂಚಿನ ಮೇಲೆ ಕೂತು ಎದ್ದುಹೋಯಿತು.
ಹೆಸರನ್ನು ಅವನೇ ಮುಗಿಸಿದ.

ಈಗ ಅಸಾಬಾದಲ್ಲಿ ಮನೆ, ಎರಡನೇ ಮಹಡಿ.
ಅಪ್ಪನ ಪಂಪು ಬಾಗಿಲ ಹಿಂದೆ ಒರಗಿದೆ, ತೊಗಲು ಒಣಗಿದೆ.
ನನ್ನ ಮಗ ಒಲಿಸಾನಿಗೆ ನಾಲ್ಕು ತುಂಬಿತು.
ಹೋದ ತಿಂಗಳಿಂದ ಕೆಲವು ಅಕ್ಷರಗಳ ಮುಂದೆ
ನಿಂತುಬಿಡುತ್ತಾನೆ.
ಟೀಚರು ಚೀಟಿ ಕಳಿಸಿದ್ದಾರೆ.
ಅತ್ತೆ ಹರಕೆ ಹೊತ್ತಿದ್ದಾರೆ.

ಇವತ್ತು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು
"ಅಮ್ಮಾ, ನ... ನ..." ಎಂದ.
ಏನು ಬೇಕೆಂದು ನನಗೆ ಗೊತ್ತು.
ಉಳಿದರ್ಧ ನನ್ನ ಬಾಯಿಯಲ್ಲೇ ಇದೆ.
ಸೌಟು ಕೆಳಗಿಟ್ಟು, ಅವನ ಎತ್ತರಕ್ಕೆ ಕೂತೆ.
ಅವನ ಬೆರಳು ಬಾಗಿಲ ಸರಳುಗಳನ್ನು
ಒಂದೊಂದಾಗಿ ಮೀಟುತ್ತಿದೆ.

ಬಾಣಲೆಯಲ್ಲಿ ಬಾಳೆಕಾಯಿ ಸೀಯುತ್ತಿದೆ.
ಸೀಯಲಿ.